ಬರ್ಗ್‌ಮನ್ ಮೊದಲೋ, ಫೆಲಿನಿ ಮೊದಲೋ? ಹಳೆಯ ಯುರೋಪಿಯನ್ ಸಿನಿಮಾಕ್ಕೆ ಕಾಲಿಡುವವರಿಗೆ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ, ಹೋಳಿಗೆ ಊಟ ಆದಮೇಲೆ, ಮನೆಗೆ ಬಂದಿದ್ದ ನೆಂಟರಿಗೆಲ್ಲ ರಷ್ಯಾದ ನಿರ್ದೇಶಕ ತರ್ಕೋವ್‌ಸ್ಕಿಯ 'ಸ್ಟಾಕರ್' ಹಾಕಿದೆ. ಮೂವರು ಗಂಡಸರು ರೈಲು ಹಳಿಯ ಮೇಲೆ ಟ್ರಾಲಿಯಲ್ಲಿ ಕೂತು ಹೋಗುವ ದೃಶ್ಯ ಬರುವ ಹೊತ್ತಿಗೆ ಚಿಕ್ಕಪ್ಪ ಗೊರಕೆ ಹೊಡೆಯುತ್ತಿದ್ದರು. ಮಾವನ ಮಗ "ಇವರು ಊರು ತಲುಪಿದಾಗ ಎಬ್ಬಿಸು" ಅಂದು ದಿಂಬು ಎಳೆದುಕೊಂಡ. ಎರಡು ಮುಕ್ಕಾಲು ಗಂಟೆ ಹತ್ತಿರದ ಸಿನಿಮಾ ಮುಗಿದಾಗ ಎಚ್ಚರವಾಗಿದ್ದವನು ನಾನೊಬ್ಬನೇ. ಅಲ್ಲಿಂದ ಒಂದು ವರ್ಷ ನಮ್ಮ ಮನೆಯಲ್ಲಿ ರಿಮೋಟ್ ನನ್ನ ಕೈಗೆ ಸಿಗಲಿಲ್ಲ.

'ಸ್ಟಾಕರ್' ಕೆಟ್ಟ ಸಿನಿಮಾ ಏನಲ್ಲ, ನನ್ನ ಮಟ್ಟಿಗೆ ಈ ಬಗೆಯ ಅತಿ ದೊಡ್ಡ ಸಿನಿಮಾಗಳಲ್ಲಿ ಒಂದು. ಹೋಳಿಗೆ ಉಂಡವರಿಗೆ ಅದನ್ನು ಬಡಿಸಿದ್ದು ನನ್ನ ತಪ್ಪು. ಹಳೆಯ ಯುರೋಪಿಯನ್ ನಿರ್ದೇಶಕರಲ್ಲಿ ಯಾರು ದೊಡ್ಡವರು ಅಂತ ಹೇಳುವ ಪಟ್ಟಿಗಳು ಬೇಕಾದಷ್ಟಿವೆ. ಯಾರು ನೋಡುವವರಿಂದ ಏನು ಕೇಳುತ್ತಾರೆ ಅನ್ನುವುದು ಮಾತ್ರ ಆ ಪಟ್ಟಿಗಳಲ್ಲಿ ಇರುವುದಿಲ್ಲ. ಒಬ್ಬ ನಿಮ್ಮ ಕರುಳನ್ನು ಕೇಳುತ್ತಾನೆ, ಇನ್ನೊಬ್ಬ ಕಿವಿಯನ್ನು, ಮತ್ತೊಬ್ಬ ಬರೀ ನಿಮ್ಮ ಹೊತ್ತನ್ನು. ಈ ದಿನ ನಿಮ್ಮ ಹತ್ತಿರ ಯಾವುದಿದೆ ಅಂತ ನೋಡಿಕೊಂಡು ಆರಿಸಿದರೆ ಎರಡನೆಯ ಸಿನಿಮಾಕ್ಕೂ ಜನ ಉಳಿಯುತ್ತಾರೆ. ನಾನು ಕೆಳಗೆ ಹೋಲಿಸುತ್ತಿರುವುದು ಆ ಲೆಕ್ಕದಲ್ಲಿ.

ಮೊದಲು ಸಬ್‌ಟೈಟಲ್ ವಿಷಯ

ನಮ್ಮಲ್ಲಿ ಇದು ಎಲ್ಲಕ್ಕಿಂತ ದೊಡ್ಡ ತೊಡಕು. ಸಿನಿಮಾ ಇಟಾಲಿಯನ್ನಿನಲ್ಲಿ, ಅಕ್ಷರ ಇಂಗ್ಲಿಷಿನಲ್ಲಿ, ನೋಡುವ ಅಮ್ಮನಿಗೆ ಎರಡೂ ದೂರ. ಮನೆಮಂದಿಯ ಜೊತೆ ನೋಡುವುದಾದರೆ ಮಾತು ಕಡಿಮೆ ಇರುವುದನ್ನೇ ಆರಿಸಿ. ಅದಕ್ಕೆ ಫ್ರಾನ್ಸಿನ ಜಾಕ್ ತಾತಿಯನ್ನು ಮೀರಿಸಿದವರಿಲ್ಲ. ತಾತಿ ತಾನೇ ಆಡಿದ ಉಲೋ ಅನ್ನುವ ಪಾತ್ರ ಉದ್ದ ಕಾಲಿನ, ಕೋಟು-ಪೈಪಿನ ಮನುಷ್ಯ. ಬಾಯಿ ತೆರೆಯುವುದೇ ಅಪರೂಪ. 1958ರ 'ಮೋನ್ ಓಂಕ್ಲ್' ಚಿತ್ರದಲ್ಲಿ ಅವನ ಅಕ್ಕ ಹೊಸ ಮಾದರಿಯ ಮನೆ ಕಟ್ಟಿಸಿರುತ್ತಾಳೆ. ಅಂಗಳದಲ್ಲಿ ಮೀನಿನ ಆಕಾರದ ಕಾರಂಜಿ. ಗೇಟಿನ ಗಂಟೆ ಹೊಡೆದಾಗ ಅವಳು ಕಾರಂಜಿ ಹಾಕುತ್ತಾಳೆ, ಬಂದವರು ಗಂಡನೋ ಸಾಮಾನು ತರುವವನೋ ಅಂತ ಗೊತ್ತಾದ ಕೂಡಲೇ ಆರಿಸುತ್ತಾಳೆ. ದೊಡ್ಡ ಅತಿಥಿಗೆ ಮಾತ್ರ ನೀರು! ಇಷ್ಟು ಅರ್ಥವಾಗಲು ಯಾವ ಭಾಷೆಯೂ ಬೇಡ. ನಮ್ಮ ಕಡೆ ನೆಂಟರು ಬಂದಾಗಷ್ಟೇ ಶೋಕೇಸಿನಿಂದ ಇಳಿಯುವ ಗಾಜಿನ ಲೋಟಗಳನ್ನು ಕಂಡವರಿಗೆ ಬೇರೆ ವಿವರಣೆಯೂ ಬೇಡ.

ತಾತಿಯ 'ಪ್ಲೇಟೈಮ್' (1967) ಇನ್ನೂ ದೊಡ್ಡ ಸಾಹಸ. ಅದಕ್ಕಾಗಿ ಪ್ಯಾರಿಸ್ಸಿನ ಹೊರಗೆ ಒಂದು ಪುಟ್ಟ ನಗರವನ್ನೇ ಸೆಟ್ಟಾಗಿ ಕಟ್ಟಿಸಿ, ಸಾಲದಲ್ಲಿ ಮುಳುಗಿದ. ಆದರೆ ಅದರಲ್ಲಿ ಒಂದೇ ಹೊತ್ತಿಗೆ ಪರದೆಯ ನಾಲ್ಕು ಮೂಲೆಯಲ್ಲಿ ನಾಲ್ಕು ತಮಾಷೆ ನಡೆಯುತ್ತಿರುತ್ತವೆ. ಮೊಬೈಲಿನಲ್ಲಿ ನೋಡಿದರೆ ಇರುವೆ ಸಾಲು ಕಂಡಷ್ಟೇ ಲಾಭ. ದೊಡ್ಡ ಟಿವಿ ಇದ್ದರೆ ಮಾತ್ರ ಕೈಹಾಕಿ.

ಡಿ ಸಿಕಾ ಮತ್ತು ತ್ರೂಫೋ: ಅಪ್ಪನ ಕೈಹಿಡಿದ ಹುಡುಗ, ಯಾರೂ ಕೈಹಿಡಿಯದ ಹುಡುಗ

ಒಬ್ಬರೇ ಕೂತು ಮೊದಲ ಸಲ ನೋಡುವವರಿಗೆ ನಾನು ಮುಂದಿಡುವ ಎರಡು ಹೆಸರು ಇವು. ವಿಟ್ಟೋರಿಯೋ ಡಿ ಸಿಕಾನ 'ಬೈಸಿಕಲ್ ಥೀವ್ಸ್' (1948), ಫ್ರಾಂಸ್ವಾ ತ್ರೂಫೋನ 'ದಿ 400 ಬ್ಲೋಸ್' (1959). ಒಂದು ಸುಮಾರು ಒಂದೂವರೆ ಗಂಟೆ, ಇನ್ನೊಂದು ಅದಕ್ಕಿಂತ ಹತ್ತು ನಿಮಿಷ ಹೆಚ್ಚು. ಎರಡರಲ್ಲೂ ಊರು ತುಂಬ ಅಲೆಯುವ ಒಬ್ಬ ಹುಡುಗ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ಡಿ ಸಿಕಾನದು ಯುದ್ಧ ಮುಗಿದ ರೋಮ್. ಗೋಡೆಗೆ ಪೋಸ್ಟರ್ ಅಂಟಿಸುವ ಕೆಲಸ ಸಿಕ್ಕಿದೆ, ಕೆಲಸಕ್ಕೆ ಸೈಕಲ್ ಬೇಕೇ ಬೇಕು. ಸೈಕಲ್ ಅಡವಿನಲ್ಲಿದೆ. ಹೆಂಡತಿ ಒಂದು ಮಾತೂ ಹೆಚ್ಚು ಆಡದೆ ಮಂಚದ ಮೇಲಿನ ಹಾಸುಬಟ್ಟೆಗಳನ್ನು ಎಳೆದು ಒಗೆದು ಗಂಟು ಕಟ್ಟುತ್ತಾಳೆ. ಅಡವಿನ ಅಂಗಡಿಯವನು ಆ ಗಂಟನ್ನು ಹಿಡಿದು ಕಪಾಟು ಹತ್ತುತ್ತಾನೆ, ಹತ್ತುತ್ತಲೇ ಇರುತ್ತಾನೆ. ಕ್ಯಾಮೆರಾ ಅವನ ಜೊತೆ ಮೇಲೇರಿದಾಗ ಕಾಣುವುದು ಮಾಡಿನವರೆಗೂ ಪೇರಿಸಿಟ್ಟ ಗಂಟುಗಳು. ಊರಿನ ಅರ್ಧ ಜನ ಆ ರಾತ್ರಿ ಹಾಸಿಗೆಯ ಮೇಲೆ ಬಟ್ಟೆಯಿಲ್ಲದೆ ಮಲಗುತ್ತಾರೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಿಡಿಸಿ ತಂದ ಸೈಕಲ್ಲಿನ ಹೆಸರು 'ಫಿದೇಸ್', ಲ್ಯಾಟಿನ್ನಿನಲ್ಲಿ ನಂಬಿಕೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ.

ಅಪ್ಪನಾಗಿ ಆಡಿದ ಲಾಂಬೆರ್ತೋ ಮಾಜೊರಾನಿ ನಟನೇ ಅಲ್ಲ, ಕಾರ್ಖಾನೆಯ ಕೆಲಸಗಾರ. ಚಿತ್ರ ನೋಡುವಾಗ ಅವನ ನಡಿಗೆಯ ಮೇಲೊಂದು ಕಣ್ಣಿಡಿ. ಉದ್ದ ಹೆಜ್ಜೆಯ ಅಪ್ಪ, ಪಕ್ಕದಲ್ಲಿ ಓಡುತ್ತ ಹೊಂದಿಸಿಕೊಳ್ಳುವ ಮಗ. ಅಪ್ಪನ ಮುಖ ಓದಲು ಆ ಹುಡುಗ ಪದೇಪದೇ ಕತ್ತೆತ್ತುತ್ತಾನೆ. ಕೊನೆಯಲ್ಲಿ ಅವನು ಕತ್ತೆತ್ತಿದಾಗ ಏನು ಕಾಣುತ್ತಾನೆ ಅನ್ನುವುದೇ ಸಿನಿಮಾ, ಅದನ್ನು ನಾನು ಹೇಳುವುದಿಲ್ಲ. ಹೆಸರಿನಲ್ಲಿ 'ಕಳ್ಳ' ಅಂತಿಲ್ಲ, 'ಕಳ್ಳರು' ಅಂತಿದೆ ಅನ್ನುವುದನ್ನಷ್ಟೇ ನೆನಪಿಟ್ಟುಕೊಳ್ಳಿ.

ಸತ್ಯಜಿತ್ ರಾಯ್ 1950ರಲ್ಲಿ ಲಂಡನ್ನಿನಲ್ಲಿ ಈ ಚಿತ್ರ ನೋಡಿ, ಹೀಗೆಯೇ ನಟರಲ್ಲದವರನ್ನು ಇಟ್ಟುಕೊಂಡು ಬೀದಿಯಲ್ಲೇ ಸಿನಿಮಾ ತೆಗೆಯಬಹುದು ಅನ್ನುವ ಧೈರ್ಯ ತಂದುಕೊಂಡರು. ಐದು ವರ್ಷಕ್ಕೆ 'ಪಥೇರ್ ಪಾಂಚಾಲಿ' ಬಂತು.

ತ್ರೂಫೋನ ಆಂತ್ವಾನ್ ಹನ್ನೆರಡು-ಹದಿಮೂರರ ಪ್ಯಾರಿಸ್ ಹುಡುಗ. ಮನೆಯಲ್ಲಿ ಬೇಡವಾದವನು, ಶಾಲೆಯಲ್ಲಿ ಬೈಸಿಕೊಳ್ಳುವವನು. ಟೈಪ್‌ರೈಟರ್ ಕದಿಯುವಾಗ ಸಿಕ್ಕಿಬೀಳುವುದಿಲ್ಲ, ಮಾರಲಾಗದೆ ವಾಪಸ್ ಇಡಲು ಹೋದಾಗ ಸಿಕ್ಕಿಬೀಳುತ್ತಾನೆ. ಇಲ್ಲಿ ನಿಮ್ಮ ಕಣ್ಣೀರು ಯಾರಿಗೂ ಬೇಡ. ತ್ರೂಫೋ ಹುಡುಗನನ್ನು ಪಾಪ ಅನ್ನಿಸಲು ಬಿಡುವುದಿಲ್ಲ, ಅವನ ಜೊತೆ ಶಾಲೆ ತಪ್ಪಿಸಿ ಓಡಾಡಲು ಕರೆಯುತ್ತಾನೆ. ಇಂಗ್ಲಿಷ್ ಹೆಸರು ನೋಡಿ ನಾನೂರು ಏಟು ಅಂದುಕೊಂಡು ಬೆದರಬೇಡಿ. ಫ್ರೆಂಚಿನಲ್ಲಿ ಅದು ನುಡಿಗಟ್ಟು: ಮಾಡಬಾರದ ಕಿತಾಪತಿಯನ್ನೆಲ್ಲ ಮಾಡುವುದು ಅಂತ ಅರ್ಥ. ಪದಕ್ಕೆ ಪದ ಇಟ್ಟು ಅನುವಾದಿಸಿದವರು ಹುಡುಗನ ತುಂಟತನವನ್ನೇ ಕಳೆದರು.

ಯಾವುದು ಮೊದಲು? ಮನಸ್ಸು ಗಟ್ಟಿಯಿರುವ ದಿನ ಡಿ ಸಿಕಾ, ಹದಿಹರೆಯದ ಮಕ್ಕಳ ಜೊತೆ ಆದರೆ ತ್ರೂಫೋ. ಡಿ ಸಿಕಾ ಹಿಡಿಸಿದರೆ ಅವನದೇ 'ಉಂಬೆರ್ತೋ ಡಿ.' (1952) ನೋಡಿ. ಪಿಂಚಣಿ ಸಾಲದ ಮುದುಕ, ಅವನ ನಾಯಿ. ಭಿಕ್ಷೆ ಬೇಡಲು ಕೈ ಚಾಚುತ್ತಾನೆ. ಯಾರೋ ನಿಂತು ದುಡ್ಡು ತೆಗೆಯುವಷ್ಟರಲ್ಲಿ ಅಂಗೈಯನ್ನು ಕವುಚಿಬಿಡುತ್ತಾನೆ, ಮಳೆ ಬರುತ್ತಿದೆಯೋ ಅಂತ ನೋಡುವವನ ಹಾಗೆ. ನಿವೃತ್ತರಾದ ಅಪ್ಪನ ಜೊತೆ ಕೂತು ಇದನ್ನು ನೋಡಬೇಡಿ. ನಾನು ನೋಡಿ ಕಷ್ಟಪಟ್ಟಿದ್ದೇನೆ.

ಬರ್ಗ್‌ಮನ್ ಮತ್ತು ಫೆಲಿನಿ

ಸ್ವೀಡನ್ನಿನ ಬರ್ಗ್‌ಮನ್, ಇಟಲಿಯ ಫೆಲಿನಿ: ಇಬ್ಬರ ಹೆಸರೂ ಜೊತೆಜೊತೆಗೇ ಬರುತ್ತದೆ, ಇಬ್ಬರೂ ತಮ್ಮ ಬಾಲ್ಯ, ಕನಸು, ದೇವರು, ಊರೂರು ತಿರುಗುವ ಆಟದ ಮೇಳ ಇವುಗಳನ್ನೇ ಕಲಸಿ ಸಿನಿಮಾ ಮಾಡಿದರು. ಆದರೆ ಒಬ್ಬರ ಮನೆಯಲ್ಲಿ ಚಳಿಗಾಲ, ಇನ್ನೊಬ್ಬರ ಮನೆಯಲ್ಲಿ ಜಾತ್ರೆ.

ಬರ್ಗ್‌ಮನ್ ಅಂದರೆ ಎಲ್ಲರೂ 'ದಿ ಸೆವೆಂತ್ ಸೀಲ್' (1957) ತೋರಿಸುತ್ತಾರೆ. ಧರ್ಮಯುದ್ಧದಿಂದ ಮರಳಿದ ಯೋಧ, ಪ್ಲೇಗು ಹಬ್ಬಿದ ದೇಶ, ಕಡಲ ದಂಡೆಯಲ್ಲಿ ಸಾವಿನ ಜೊತೆ ಚದುರಂಗ. ಕನ್ನಡದವರಿಗೆ ಈ ಚಿತ್ರದ ಜೊತೆ ಒಂದು ನಂಟಿದೆ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ತಮ್ಮ ಮಾರ್ಗದರ್ಶಕ ಮಾಲ್ಕಮ್ ಬ್ರಾಡ್‌ಬರಿಯ ಜೊತೆ ಇದನ್ನು ಸಬ್‌ಟೈಟಲ್ ಇಲ್ಲದೆ ನೋಡಿದರು. ಯುರೋಪಿನವನಿಗೆ ಮಧ್ಯಯುಗ ಪುಸ್ತಕದಿಂದ ಬರಬೇಕು, ನಮಗೆ ಅದು ಮನೆಯ ಪಕ್ಕದಲ್ಲೇ ಇನ್ನೂ ಬದುಕಿದೆ ಅನ್ನುವ ಮಾತಿನಿಂದ 'ಸಂಸ್ಕಾರ' ಹುಟ್ಟಿತು ಅಂತ ಅವರೇ ಮತ್ತೆಮತ್ತೆ ಹೇಳಿಕೊಂಡಿದ್ದರು. ಸ್ವೀಡಿಷ್ ಬಾರದೆ, ಅಕ್ಷರದ ಸಹಾಯವಿಲ್ಲದೆ ನೋಡಿದ ಒಂದು ಸಿನಿಮಾ! ಅಗ್ರಹಾರದ ಪ್ಲೇಗನ್ನು ನೆನೆದುಕೊಂಡು ನೋಡಿದರೆ ಯೋಧನ ಪ್ರಶ್ನೆಗಳು ಪ್ರಾಣೇಶಾಚಾರ್ಯರ ಪ್ರಶ್ನೆಗಳಿಗೆ ದೂರವಿಲ್ಲ ಅನಿಸುತ್ತದೆ.

ಹಾಗಿದ್ದೂ ನಾನು ಬರ್ಗ್‌ಮನ್ ಮನೆಗೆ ಈ ಬಾಗಿಲಿಂದ ಹೋಗಬೇಡಿ ಅನ್ನುವವನು. ಚದುರಂಗದ ಚಿತ್ರವನ್ನು ಜನ ಅದೆಷ್ಟು ಸಲ ಅಣಕಿಸಿದ್ದಾರೆ ಅಂದರೆ, ಮೊದಲ ಸಲ ನೋಡುವವರಿಗೂ ಎಲ್ಲೋ ನೋಡಿದ ನಗೆಚಿತ್ರದ ಹಾಗೆ ಕಂಡುಬಿಡುತ್ತದೆ. ಅದೇ ವರ್ಷದ 'ವೈಲ್ಡ್ ಸ್ಟ್ರಾಬೆರೀಸ್' ಹೆಚ್ಚು ಹತ್ತಿರದ ಬಾಗಿಲು. ಗೌರವ ಪದವಿ ಪಡೆಯಲು ಸ್ಟಾಕ್‌ಹೋಮಿನಿಂದ ಲುಂಡ್ ಊರಿಗೆ ಕಾರಿನಲ್ಲಿ ಹೊರಟ ಮುದಿ ಪ್ರೊಫೆಸರ್, ಪಕ್ಕದಲ್ಲಿ ಸೊಸೆ. ಹೊರಟ ಸ್ವಲ್ಪ ಹೊತ್ತಿಗೇ ಸೊಸೆ ಸಿಗರೇಟು ಹಚ್ಚುತ್ತಾಳೆ, ಮಾವ ಬೇಡ ಅನ್ನುತ್ತಾರೆ, ಅಲ್ಲಿಂದ ಮಾತು ಬೆಳೆದು ನಿಮ್ಮ ಮಗ ನಿಮ್ಮನ್ನು ದ್ವೇಷಿಸುತ್ತಾನೆ ಅನ್ನುವವರೆಗೆ ಹೋಗುತ್ತದೆ, ಅದೂ ದನಿ ಏರಿಸದೆ. ಕಾರಿನೊಳಗಿನ ಮಾವ-ಸೊಸೆಯ ಈ ಮಾತು ತತ್ತ್ವಶಾಸ್ತ್ರ ಗೊತ್ತಿಲ್ಲದವರಿಗೂ ನಾಟುತ್ತದೆ. ಪ್ರೊಫೆಸರ್ ಆಗಿ ಆಡಿದ ವಿಕ್ಟರ್ ಶೋಸ್ಟ್ರೋಮ್ ಸ್ವತಃ ಮೂಕಿ ಕಾಲದ ದೊಡ್ಡ ನಿರ್ದೇಶಕ, ಆಗ ಅವರಿಗೆ 78. ಮುಳ್ಳಿಲ್ಲದ ಗಡಿಯಾರದ ಕನಸು ಬರುತ್ತದಲ್ಲ, ಅದನ್ನು ಬಿಡಿಸಿ ಅರ್ಥ ಹುಡುಕಲು ಹೋಗಬೇಡಿ. ಆ ವಯಸ್ಸಿನವರ ಮುಖ ನೋಡಿ ಸಾಕು.

ಫೆಲಿನಿಯಲ್ಲಿಯೂ ಇದೇ ಅಪಾಯ. ಎಲ್ಲರೂ 'ಎಯ್ಟ್ ಅಂಡ್ ಎ ಹಾಫ್' (1963) ಕಡೆ ತಳ್ಳುತ್ತಾರೆ. ಮುಂದಿನ ಸಿನಿಮಾ ಹೊಳೆಯದ ನಿರ್ದೇಶಕನ ಕುರಿತ ಸಿನಿಮಾ. ಅಲ್ಲಿಯವರೆಗೆ ತಾನು ಮಾಡಿದ್ದು ಎಷ್ಟು ಅಂತ ಲೆಕ್ಕ ಹಾಕಿ, ಕಿರುಚಿತ್ರಗಳನ್ನೂ ಇನ್ನೊಬ್ಬರ ಜೊತೆ ಮಾಡಿದ್ದನ್ನೂ ಅರ್ಧರ್ಧ ಎಣಿಸಿ ಇಟ್ಟ ಹೆಸರು ಎಂಟೂವರೆ. ಕನಸು ಎಲ್ಲಿ ಮುಗಿಯಿತು, ನಿಜ ಎಲ್ಲಿ ಶುರುವಾಯಿತು ಅಂತ ಗುರುತೇ ಹಾಕದೆ ಕತ್ತರಿಸುತ್ತಾನೆ. ಫೆಲಿನಿಯ ಹುಚ್ಚು ಒಮ್ಮೆ ಹಿಡಿದವರಿಗೆ ಇದು ಹಬ್ಬ, ಹೊಸಬರಿಗೆ ತಲೆಸುತ್ತು.

ಹೊಸಬರಿಗೆ 'ಲಾ ಸ್ತ್ರಾದಾ' (1954). ಬಡತನಕ್ಕೆ ತಾಯಿಯೇ ಹತ್ತು ಸಾವಿರ ಲೀರಾಕ್ಕೆ ಮಗಳನ್ನು ಒಬ್ಬ ಬೀದಿ ಪೈಲ್ವಾನನಿಗೆ ಕೊಟ್ಟುಬಿಡುತ್ತಾಳೆ. ಅವನ ಆಟ ಒಂದೇ: ಎದೆಗೆ ಕಬ್ಬಿಣದ ಸರಪಳಿ ಬಿಗಿದು, ಉಸಿರೆಳೆದು ಕೊಂಡಿ ಹರಿಯುವುದು. ಇವಳ ಕೆಲಸ ಡೋಲು ಬಡಿಯುವುದು, ಮುಖಕ್ಕೆ ಬಣ್ಣ ಬಳಿದುಕೊಂಡು ನಗಿಸುವುದು. ಅವತ್ತು ಬಂದು ನಾಳೆ ಹೋಗುವ ಊರಿನಲ್ಲಿ ಈ ಹುಡುಗಿ ಟೊಮ್ಯಾಟೊ ಬೀಜ ನೆಡುತ್ತಾಳೆ. ಜ್ಯೂಲಿಯೆತ್ತಾ ಮಸೀನಾ, ಫೆಲಿನಿಯ ಹೆಂಡತಿ, ಮಾತಿಗಿಂತ ಹುಬ್ಬಿನಲ್ಲಿ ಹೆಚ್ಚು ನಟಿಸುತ್ತಾಳೆ. ಸಂಗೀತ ಕೊಟ್ಟ ನೀನೋ ರೋತಾನ ತುತ್ತೂರಿಯ ರಾಗ ಒಂದು ವಾರವಾದರೂ ಕಿವಿ ಬಿಡುವುದಿಲ್ಲ. ಚಿತ್ರದ ಕೊನೆಗೆ ಪೈಲ್ವಾನನ ಮೇಲೆ ನಿಮಗೆ ಏನು ಅನಿಸುತ್ತದೆ ಅಂತ ನೋಡಿಕೊಳ್ಳಿ. ಕೋಪವೇ ಉಳಿದರೆ ಫೆಲಿನಿ ನಿಮಗಲ್ಲ, ಅದರಲ್ಲಿ ತಪ್ಪೇನೂ ಇಲ್ಲ.

ಒಂದು ಮಾತು: ತುಟಿ ಒಂದು ಹೇಳಿ ದನಿ ಇನ್ನೊಂದು ಹೇಳಿದರೆ ಪ್ರಿಂಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಆಗಿನ ಇಟಲಿಯಲ್ಲಿ ದನಿಯನ್ನು ಆಮೇಲೆ ಸೇರಿಸುವುದೇ ಪದ್ಧತಿ. ಪೈಲ್ವಾನನಾದ ಆಂಟನಿ ಕ್ವಿನ್ ಹಾಲಿವುಡ್ ನಟ. ಇಟಾಲಿಯನ್ ದನಿ ಇನ್ನೊಬ್ಬರದು.

ನನ್ನನ್ನು ಕಟ್ಟಿಹಾಕಿ ಕೇಳಿದರೆ ಮೊದಲು ಫೆಲಿನಿ, ಆಮೇಲೆ ಬರ್ಗ್‌ಮನ್ ಅನ್ನುತ್ತೇನೆ. ಫೆಲಿನಿ ಇಪ್ಪತ್ತೈದರ ವಯಸ್ಸಿಗೂ ಹಿಡಿಸುತ್ತಾನೆ. ಬರ್ಗ್‌ಮನ್‌ಗೆ ಅಪ್ಪ-ಅಮ್ಮನ ಜೊತೆ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟ ಅನುಭವ ಸ್ವಲ್ಪ ಬೇಕು.

ನಿಧಾನದಲ್ಲೂ ಮೂರು ಬಗೆ

"ಆರ್ಟ್ ಸಿನಿಮಾ ಅಂದ್ರೆ ಸ್ಲೋ" ಅಂತ ಒಂದೇ ಮೂಟೆಗೆ ತುಂಬುತ್ತಾರೆ. ಬ್ರೆಸ್ಸೋಂ, ಆಂಟೋನಿಯೋನಿ, ತರ್ಕೋವ್‌ಸ್ಕಿ ಮೂವರ ನಿಧಾನ ಮೂರು ತರ.

ರಾಬರ್ಟ್ ಬ್ರೆಸ್ಸೋಂ ನಿಜಕ್ಕೂ ನಿಧಾನದವನೇ ಅಲ್ಲ, ಒಣಗಿದವನು. 'ಎ ಮ್ಯಾನ್ ಎಸ್ಕೇಪ್ಡ್' (1956) ಸುಮಾರು ನೂರು ನಿಮಿಷ, ಅದರ ಹೆಚ್ಚಿನ ಪಾಲು ಒಂದು ಜೈಲು ಕೋಣೆಯಲ್ಲಿ. 1943ರಲ್ಲಿ ನಾಜಿಗಳ ಕೈಯಲ್ಲಿದ್ದ ಲಿಯೋಂ ಊರಿನ ಮೋಂಲ್ಯುಕ್ ಜೈಲಿನಿಂದ ಆಂದ್ರೆ ದೆವಿನ್ಯಿ ತಪ್ಪಿಸಿಕೊಂಡ ನಿಜ ಕಥೆ. ತಪ್ಪಿಸಿಕೊಂಡ ಅಂತ ಹೆಸರಿನಲ್ಲೇ ಹೇಳಿಬಿಟ್ಟಿದ್ದಾನೆ, ಆದರೂ ಉಸಿರು ಬಿಗಿಹಿಡಿಯುತ್ತೀರಿ. ಹೇಗೆ ಅಂದರೆ, ಊಟದ ಚಮಚವನ್ನು ನೆಲಕ್ಕೆ ಉಜ್ಜಿ ಉಳಿ ಮಾಡಿಕೊಂಡು ಬಾಗಿಲ ಹಲಗೆಯ ಸಂದು ಕೆರೆಯುತ್ತಾನೆ. ಕೆರೆತದ ಸದ್ದು. ನಿಲ್ಲುತ್ತದೆ. ಹೊರಗೆ ಕಾವಲುಗಾರ ಮೆಟ್ಟಿಲ ಸರಳಿಗೆ ಬೀಗದ ಕೈ ತಾಗಿಸಿಕೊಂಡು ಇಳಿಯುವ ಸದ್ದು. ಮತ್ತೆ ಕೆರೆತ. ಉದುರಿದ ಮರದ ಚೂರನ್ನು ಗುಡಿಸಿ ಬಚ್ಚಿಡಬೇಕು. ಮುಖದಲ್ಲಿ ಭಯವೂ ಇಲ್ಲ, ಆಸೆಯೂ ಇಲ್ಲ. ಬ್ರೆಸ್ಸೋಂಗೆ ನಟನೆ ಕಂಡರೆ ಆಗದು, ಮೊದಮೊದಲ ಚಿತ್ರಗಳನ್ನು ಬಿಟ್ಟರೆ ತೆಗೆದುಕೊಂಡದ್ದೆಲ್ಲ ನಟರಲ್ಲದವರನ್ನೇ. ಅವನು ಕೇಳುವುದು ನಿಮ್ಮ ಕಿವಿಯನ್ನು. ಹೆಡ್‌ಫೋನ್ ಹಾಕಿಕೊಂಡು, ದೀಪ ಆರಿಸಿ ನೋಡಿ. ಥ್ರಿಲ್ಲರ್ ಇಷ್ಟಪಡುವ ಗೆಳೆಯನಿಗೆ ಇದಕ್ಕಿಂತ ಒಳ್ಳೆಯ ಗಾಳ ಇಲ್ಲ.

ಮೈಕೆಲಾಂಜೆಲೋ ಆಂಟೋನಿಯೋನಿ ನಿಜವಾಗಿ ಸತಾಯಿಸುವವನು. 'ಲಾವೆಂತೂರಾ' (1960) ಚಿತ್ರದಲ್ಲಿ ದ್ವೀಪಕ್ಕೆ ಹೋದ ಗುಂಪಿನಿಂದ ಒಬ್ಬ ಹುಡುಗಿ ಕಾಣೆಯಾಗುತ್ತಾಳೆ. ಎಲ್ಲರೂ ಹುಡುಕುತ್ತಾರೆ. ಹುಡುಕುತ್ತ ಹುಡುಕುತ್ತ ಅವರೂ ಮರೆಯುತ್ತಾರೆ, ಸಿನಿಮಾನೂ ಮರೆಯುತ್ತದೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಜನ ಕೂಗಿ ಗೇಲಿ ಮಾಡಿದರು, ತೀರ್ಪುಗಾರರು ಅದೇ ಉತ್ಸವದಲ್ಲಿ ಅದಕ್ಕೆ ಬಹುಮಾನವನ್ನೂ ಕೊಟ್ಟರು. ಇಬ್ಬರಲ್ಲಿ ನೀವು ಯಾರ ಕಡೆ ಅಂತ ಮೊದಲೇ ಹೇಳಲಾಗದು. ನಾನು ಮೊದಲ ಸಲ ಕೂಗುವವರ ಕಡೆ ಇದ್ದೆ, ಈಗಲೂ ಪೂರ್ತಿ ಪಕ್ಷ ಬದಲಿಸಿಲ್ಲ. ಕಾರಣವಿಲ್ಲದ ಬೇಸರ ಹೊತ್ತು ತಿರುಗುವ ದಿನಗಳಲ್ಲಿ ಮಾತ್ರ ಇವನು ಹತ್ತಿರದವನು ಅನಿಸುತ್ತಾನೆ. ಅಂದಹಾಗೆ ಬರ್ಗ್‌ಮನ್ ಮತ್ತು ಇವನು ತೀರಿಕೊಂಡಿದ್ದು ಒಂದೇ ದಿನ, 2007ರ ಜುಲೈ 30.

ತರ್ಕೋವ್‌ಸ್ಕಿ ಕೇಳುವುದು ಹೊತ್ತನ್ನು. ಗಾಳಿ, ನೀರು, ಒದ್ದೆ ಮಣ್ಣು, ಉರಿಯುವ ಕೊಟ್ಟಿಗೆ, ಇವನ್ನು ಅವನು ಕಥೆಗೆ ಅಲಂಕಾರವಾಗಿ ತರುವುದಿಲ್ಲ. ಅವುಗಳನ್ನೇ ನೋಡಿ ಅಂತ ಕೂರಿಸುತ್ತಾನೆ. 'ಸ್ಟಾಕರ್' (1979) ಚಿತ್ರದ ಟ್ರಾಲಿ ದೃಶ್ಯದಲ್ಲಿ ಕಾಣುವುದು ಮನುಷ್ಯರ ತಲೆಗಳು, ಕೇಳುವುದು ಹಳಿಯ ಟಕಟಕ. ಕೇಳುತ್ತ ಕೂತರೆ ಆ ಟಕಟಕ ಯಾವಾಗ ಸಂಗೀತವಾಗಿ ತಿರುಗಿತು ಅಂತ ತಿಳಿಯುವುದಿಲ್ಲ, ಅಷ್ಟರಲ್ಲಿ ಕಂದು ಬಣ್ಣದ ಜಗತ್ತು ಒಮ್ಮೆಗೇ ಹಸಿರಾಗುತ್ತದೆ. ಚಿಕ್ಕಪ್ಪ ಗೊರಕೆ ಹೊಡೆದದ್ದು ಸರಿಯಾಗಿ ಅಲ್ಲೇ. ಇವನಲ್ಲಿಗೆ ಹೋಗಲು 'ಇವಾನ್ಸ್ ಚೈಲ್ಡ್‌ಹುಡ್' (1962) ದಾರಿ. ಒಂದೂವರೆ ಗಂಟೆಯದು, ಯುದ್ಧದಲ್ಲಿ ಗೂಢಚಾರನಾದ ಒಬ್ಬ ಹುಡುಗನ ಕಥೆ, ಕಥೆಯ ನೂಲು ಕೈಯಲ್ಲಿ ಇರುತ್ತದೆ. ಅದರಲ್ಲಿನ ಬರ್ಚ್ ಮರಗಳ ಕಾಡು ಇಷ್ಟವಾದರೆ ಮುಂದೆ ಹೋಗಿ. ಬೆಳಗಿನ ಹೊತ್ತು, ಖಾಲಿ ಹೊಟ್ಟೆಯಲ್ಲಿ ನೋಡಿದರೆ ಉತ್ತಮ.

ಇದೆಲ್ಲ ಪಟ್ಟಣದ ಓದಿದವರ ಹವ್ಯಾಸ ಅನ್ನುವವರಿಗೆ ಹೆಗ್ಗೋಡು ನೆನಪಿಸುತ್ತೇನೆ. ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ ಬಳಗ ಎಪ್ಪತ್ತರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವಿನ ಹಳ್ಳಿಯಲ್ಲಿ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿದರು. ನೋಡಿದವರು ರೈತರು, ಕೂಲಿಯವರು.

ಗೊದಾರ್ ಬೇಕೋ, ವಾರ್ದಾ ಸಾಕೋ

ಫ್ರಾನ್ಸಿನ ಗೊದಾರ್‌ನ 'ಬ್ರೆತ್‌ಲೆಸ್' (1960) ನೋಡಲೇಬೇಕು ಅನ್ನುತ್ತಾರೆ. ಶಾಟಿನ ನಡುವಿನಿಂದಲೇ ತುಂಡು ಕಿತ್ತು ಹಾರಿಸುವ ಅದರ ಕತ್ತರಿ ಆಗ ಕ್ರಾಂತಿ. ಈಗ ಯೂಟ್ಯೂಬಿನಲ್ಲಿ ಅಡುಗೆ ತೋರಿಸುವವರೂ ಹಾಗೇ ಕತ್ತರಿಸುತ್ತಾರೆ, ಹಾಗಾಗಿ ಇಂದಿನ ಹುಡುಗರಿಗೆ ಇದರಲ್ಲೇನು ವಿಶೇಷ ಅನಿಸಿದರೆ ಅವರ ತಪ್ಪಲ್ಲ. ಅದೇ ಪ್ಯಾರಿಸ್, ಅದೇ ಬೀದಿ, ಅದೇ ಒಂದೂವರೆ ಗಂಟೆ ಬೇಕಿದ್ದರೆ ನಾನು ಅನ್ಯೇಸ್ ವಾರ್ದಾಳ 'ಕ್ಲೇಯೋ ಫ್ರಮ್ 5 ಟು 7' (1962) ಕೊಡುತ್ತೇನೆ. ಕ್ಯಾನ್ಸರ್ ಇದೆಯೋ ಇಲ್ಲವೋ ಅನ್ನುವ ವರದಿಗೆ ಕಾಯುತ್ತಿರುವ ಗಾಯಕಿಯ ಒಂದು ಸಂಜೆ. ಮೊದಲರ್ಧ ಎಲ್ಲರೂ ಅವಳನ್ನು ನೋಡುತ್ತಾರೆ, ಅವಳೂ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾಳೆ. ನಡುವೆ ವಿಗ್ ಕಿತ್ತೆಸೆದು ಬೀದಿಗಿಳಿದ ಮೇಲೆ ಅವಳು ಬೇರೆಯವರನ್ನು ನೋಡಲು ಶುರುಮಾಡುತ್ತಾಳೆ. ಲ್ಯಾಬ್ ರಿಪೋರ್ಟಿಗೆ ಕಾದು ಕೂತು ಗೊತ್ತಿದ್ದವರಿಗೆ ಆ ಗಡಿಯಾರದ ಭಾರ ಗೊತ್ತು.

ಯಾವ ಪ್ರತಿ

ಇಂಗ್ಲಿಷ್ ಡಬ್ಬಿಂಗ್ ಬೇಡ, ಮೂಲ ಭಾಷೆಯದೇ ಇರಲಿ. ಬಣ್ಣ ಬಳಿದ ಕಪ್ಪು-ಬಿಳುಪು ಸಿಕ್ಕರೆ ಮುಟ್ಟಬೇಡಿ. ಸಬ್‌ಟೈಟಲ್ ಓದಲು ತಡವಾಗುತ್ತಿದ್ದರೆ ನಿಲ್ಲಿಸಿ ಓದಿ, ನಾಚಿಕೆ ಏನಿಲ್ಲ. ಆದರೆ ಬ್ರೆಸ್ಸೋಂನನ್ನು ಮಾತ್ರ ನಿಲ್ಲಿಸಬೇಡಿ.

ಬರ್ಗ್‌ಮನ್‌ನ 'ಫ್ಯಾನಿ ಅಂಡ್ ಅಲೆಕ್ಸಾಂಡರ್' (1982) ಎರಡು ರೂಪದಲ್ಲಿದೆ: ಥಿಯೇಟರಿನದು 188 ನಿಮಿಷ, ಟಿವಿಗೆ ಕಂತಿನಲ್ಲಿ ಮಾಡಿದ್ದು 312 ನಿಮಿಷ. ಚಿಕ್ಕದನ್ನು ಬಿಟ್ಟು ದೊಡ್ಡದನ್ನೇ ಹಿಡಿಯಿರಿ. ಶುರುವಿನಲ್ಲಿ ಬರುವುದು ಒಂದು ಕೂಡುಕುಟುಂಬದ ಕ್ರಿಸ್‌ಮಸ್ ರಾತ್ರಿ: ಅಜ್ಜಿ, ಮೂವರು ಗಂಡುಮಕ್ಕಳು, ಸೊಸೆಯಂದಿರು, ಅಡುಗೆಯವರು, ಮಕ್ಕಳು, ಎಲ್ಲರೂ ಕೈಕೈ ಹಿಡಿದು ಕೋಣೆಯಿಂದ ಕೋಣೆಗೆ ಕುಣಿಯುತ್ತಾರೆ. ಆ ಮನೆಯ ಪರಿಚಯ ಪೂರ್ತಿ ಆಗದಿದ್ದರೆ ಆಮೇಲೆ ಮಕ್ಕಳು ಬಿಷಪ್ಪನ ಬೋಳು ಗೋಡೆಯ ಮನೆಗೆ ಹೋಗುವಾಗ ಏನು ಕಳೆದುಕೊಂಡರು ಅಂತ ತಿಳಿಯುವುದಿಲ್ಲ. ದೀಪಾವಳಿ ರಜೆಗೆ ಎತ್ತಿಟ್ಟುಕೊಳ್ಳಿ, ರಾತ್ರಿಗೆ ಒಂದು ಕಂತು. ಊಟ ಮಾಡಿಯೇ ಕೂತುಕೊಳ್ಳಿ. ಆ ಕ್ರಿಸ್‌ಮಸ್ ಮೇಜನ್ನು ಹಸಿದ ಹೊಟ್ಟೆಯಲ್ಲಿ ನೋಡಲಾಗದು.